ಮುಂಬೈಯಲ್ಲಿ ರೂಪಾಯಿಯಾದ ಅಮೆರಿಕದ ಡಾಲರ್

ಹಳೆಯ ನಾಣ್ಯವೆಂದರೆ ದುಬಾರಿ ಎಂದು ನಾವೆಲ್ಲ ನಂಬಿದ್ದೇವೆ. ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್ ಈ ನಂಬಿಕೆಯನ್ನು ಸುಳ್ಳು ಮಾಡುತ್ತದೆ. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಒಂದು ವರ್ಷ ಟಂಕಿಸಿದ ನಾಣ್ಯ ಇದು. ಇದರ ಹಲವು ಇಸವಿಗಳನ್ನು ಸಂಗ್ರಾಹಕರು 'ಸಾಮಾನ್ಯ' ಎಂದು ಪಕ್ಕಕ್ಕಿಡುತ್ತಾರೆ. ಶತಮಾನ ದಾಟಿದ್ದರೂ ಸವೆದ ಸಾಮಾನ್ಯ ಡಾಲರಿಗೆ ಸಿಗುವುದು ಅದರೊಳಗಿನ ಬೆಳ್ಳಿಯ ಬೆಲೆ, ಮೇಲೆ ಒಂದಿಷ್ಟು. ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬುದು ತೀರ್ಮಾನವಾದ ಕಥೆಯಲ್ಲಿ ನಮ್ಮ ಮುಂಬೈ ಮತ್ತು ಕೋಲ್ಕತ್ತದ ಟಂಕಸಾಲೆಗಳಿಗೂ ಪಾತ್ರವಿದೆ.

ಮೊದಲು ಈ ನಾಣ್ಯ ಹುಟ್ಟಿದ್ದೇಕೆಂದು ನೋಡೋಣ. ನೆವಾಡದ ಗಣಿಗಳಿಂದ ಬೆಳ್ಳಿ ಹೊಳೆಯಂತೆ ಬರುತ್ತಿತ್ತು, ಬೆಲೆ ಇಳಿಯುತ್ತಿತ್ತು. ಗಣಿ ಸೀಮೆಯ ರಾಜಕಾರಣಿಗಳ ಒತ್ತಡಕ್ಕೆ ಮಣಿದು ಅಮೆರಿಕದ ಸಂಸತ್ತು 1878ರಲ್ಲಿ ಬ್ಲಾಂಡ್–ಆಲಿಸನ್ ಕಾಯ್ದೆ ತಂದಿತು. ಸರ್ಕಾರ ಪ್ರತಿ ತಿಂಗಳೂ 20ರಿಂದ 40 ಲಕ್ಷ ಡಾಲರ್ ಮೌಲ್ಯದ ಬೆಳ್ಳಿ ಕೊಂಡು ನಾಣ್ಯ ಮಾಡಲೇಬೇಕು ಎಂಬುದು ಕಟ್ಟಳೆ. ಆದರೆ 26.73 ಗ್ರಾಂ ತೂಕದ ನಾಣ್ಯಗಳನ್ನು ಜೇಬಿನಲ್ಲಿ ಹೊತ್ತು ತಿರುಗುವವರು ಯಾರು? ಜನ ಕಾಗದದ ನೋಟನ್ನೇ ಬಯಸಿದರು. ಡಾಲರುಗಳು ಸಾವಿರ ಸಾವಿರದ ಚೀಲಗಳಲ್ಲಿ ಖಜಾನೆಯ ನೆಲಮಾಳಿಗೆ ಸೇರಿದವು. 1904ರ ಹೊತ್ತಿಗೆ ಸುಮಾರು 57 ಕೋಟಿ ನಾಣ್ಯ ತಯಾರಾಗಿದ್ದವು.

ಇತ್ತ ಭಾರತದಲ್ಲಿ ಇದಕ್ಕೆ ತದ್ವಿರುದ್ಧ. ಮೊದಲ ಮಹಾಯುದ್ಧಕ್ಕೆ ಬೇಕಾದ ಸೆಣಬು, ಗೋಧಿ, ಚರ್ಮ ಇಲ್ಲಿಂದ ಹೋಗುತ್ತಿತ್ತು. ರೈತನಿಗೂ ಸಿಪಾಯಿಗೂ ರೂಪಾಯಿ ಕೊಡಬೇಕು. ಅವರು ಕೇಳುತ್ತಿದ್ದುದು ಕೈಯಲ್ಲಿ ಝಣ್ ಎನ್ನುವ ರೂಪಾಯಿಯನ್ನು. 1917ರಲ್ಲಿ ಲಂಡನ್ನಿನ ಬೆಳ್ಳಿ ಬೆಲೆ ಔನ್ಸಿಗೆ 43 ಪೆನ್ಸ್ ದಾಟಿತು. ಆಗ ರೂಪಾಯಿಯ ಮುಖಬೆಲೆಗಿಂತ ಅದರ ಬೆಳ್ಳಿಯೇ ಹೆಚ್ಚು ಬಾಳುವಂತಾಯಿತು. ಸರ್ಕಾರ ಒಂದು ರೂಪಾಯಿ ನೋಟು ಹೊರಡಿಸಿತು, ಚಿಲ್ಲರೆಯನ್ನು ನಿಕಲ್‌ಗೆ ಬದಲಿಸಿತು. 1918ರ ಮೊದಲ ತಿಂಗಳುಗಳಲ್ಲಿ ಯುದ್ಧದ ಕೆಟ್ಟ ಸುದ್ದಿ ಹರಡಿದಂತೆ ಜನ ನೋಟು ಹಿಡಿದು ಬೆಳ್ಳಿ ಕೇಳಲು ಮುಗಿಬಿದ್ದರು. ನೋಟಿಗೆ ಬದಲಾಗಿ ಬೆಳ್ಳಿ ಕೊಡುತ್ತೇವೆ ಎಂಬ ಸರ್ಕಾರದ ಮಾತೇ ಮುರಿದುಬೀಳುವ ಸ್ಥಿತಿ ಬಂತು.

ಬ್ರಿಟನ್ ಅಮೆರಿಕದ ಮೊರೆ ಹೋಯಿತು. 1918ರ ಏಪ್ರಿಲ್ 23ರಂದು ಪಿಟ್‌ಮನ್ ಕಾಯ್ದೆ ಜಾರಿಗೆ ಬಂತು. ಅದರಡಿ ಕರಗಿಸಿದ ಡಾಲರುಗಳು 27,02,32,722. ಅವುಗಳಲ್ಲಿ 25,91,21,554 ಡಾಲರುಗಳ ಬೆಳ್ಳಿ, ಅಂದರೆ ಸುಮಾರು 20 ಕೋಟಿ ಔನ್ಸ್, ಭಾರತಕ್ಕಾಗಿ ಬ್ರಿಟನ್ನಿಗೆ ಮಾರಾಟವಾಯಿತು. ಅದು ಗಟ್ಟಿಗಳಾಗಿ ಹಡಗೇರಿ ಬಂದು ಇಲ್ಲಿ ಐದನೇ ಜಾರ್ಜ್ ರೂಪಾಯಿಯಾಯಿತು. ಒಂದು ಡಾಲರಿನಲ್ಲಿ 24.06 ಗ್ರಾಂ ಶುದ್ಧ ಬೆಳ್ಳಿ, ಒಂದು ತೊಲದ ರೂಪಾಯಿಯಲ್ಲಿ 10.69 ಗ್ರಾಂ. ಅಂದರೆ ಒಂದು ಡಾಲರ್ ಕರಗಿಸಿದರೆ ಎರಡೂಕಾಲು ರೂಪಾಯಿ!

ಸೆನೆಟರ್ ಪಿಟ್‌ಮನ್ ಕೂಡ ನೆವಾಡದವರೇ. ಕರಗಿಸಿದಷ್ಟೂ ಬೆಳ್ಳಿಯನ್ನು ಅಮೆರಿಕದ ಗಣಿಗಳಿಂದಲೇ ಔನ್ಸಿಗೆ ಒಂದು ಡಾಲರಿನಂತೆ ಕೊಂಡು ಮತ್ತೆ ನಾಣ್ಯ ಮಾಡಬೇಕು ಎಂಬ ಷರತ್ತು ಕಾಯ್ದೆಯಲ್ಲಿತ್ತು. ಅದಕ್ಕಾಗಿಯೇ 1921ರಲ್ಲಿ ಒಂದೇ ವರ್ಷ 8.6 ಕೋಟಿಗೂ ಹೆಚ್ಚು ಮಾರ್ಗನ್ ಡಾಲರ್ ಬಂದವು. ಇಂದು ಅತಿ ಸಾಮಾನ್ಯ ಎನಿಸಿಕೊಂಡಿರುವ ಇಸವಿ ಅದೇ. ಭಾರತದ ರೈತ ನೋಟನ್ನು ನಂಬಿದ್ದರೆ ಆ ನಾಣ್ಯ ಹುಟ್ಟುತ್ತಲೇ ಇರಲಿಲ್ಲವೇನೋ.

ಕರಗಿಸುವಾಗ ಯಾವ ಇಸವಿಯ ಎಷ್ಟು ನಾಣ್ಯ ಹೋಯಿತೆಂದು ಯಾರೂ ಬರೆದಿಡಲಿಲ್ಲ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಸೇರಿಸಿದ್ದಕ್ಕೆಲ್ಲ ಲೆಕ್ಕವಿದೆ, ಡಿಲೀಟ್ ಮಾಡಿದ್ದಕ್ಕೆ ಲಾಗ್ ಇಲ್ಲ. ಹಾಗಾಗಿ ಎಷ್ಟು ಟಂಕಿಸಿದರು ಎಂಬ ಸಂಖ್ಯೆಯೊಂದನ್ನೇ ನೋಡಿ ಬೆಲೆ ಕಟ್ಟಲಾಗದು. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಡಾಲರ್ ಇದಕ್ಕೆ ಒಳ್ಳೆಯ ಉದಾಹರಣೆ. ಮಾಡಿದ್ದು 44.5 ಲಕ್ಷ, ಆದರೆ ಹೆಚ್ಚಿನವು ಕರಗಿಹೋದವೆಂದು ಎಲ್ಲರೂ ಭಾವಿಸಿದ್ದರು. ಹೊಸದರಂತಿರುವ ಒಂದಕ್ಕೆ ಸಾವಿರ ಡಾಲರಿಗೂ ಮೇಲೆ ಬೆಲೆಯಿತ್ತು. 1962ರ ಕೊನೆಯಲ್ಲಿ ಫಿಲಡೆಲ್ಫಿಯಾದ ಖಜಾನೆಯಿಂದ ಅವೇ ನಾಣ್ಯಗಳ ಚೀಲಗಳು ಹೊರಬಂದವು. ಬೆಲೆ ನೆಲಕಚ್ಚಿತು.

ನಿಮ್ಮ ಕೈಗೊಂದು ಮಾರ್ಗನ್ ಬಂದರೆ ಹೀಗೆ ನೋಡಿ. ತೂಕ 26.73 ಗ್ರಾಂ, ಅಡ್ಡಳತೆ 38.1 ಮಿಲಿಮೀಟರ್ ಇರಬೇಕು. ಸವೆದ ನಾಣ್ಯ ತುಸು ಹಗುರವಿರಬಹುದು, ಆದರೆ ಯಾವುದೂ ಅಯಸ್ಕಾಂತಕ್ಕೆ ಅಂಟಬಾರದು. ಟಂಕಸಾಲೆಯ ಅಕ್ಷರವಿದ್ದರೆ ಅದು ಹಿಂಬದಿಯಲ್ಲಿ ಎಲೆಮಾಲೆಯ ಕೆಳಗಿರುತ್ತದೆ. ಎಸ್ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ, ಓ ಎಂದರೆ ನ್ಯೂ ಆರ್ಲಿಯನ್ಸ್, ಸಿಸಿ ಎಂದರೆ ಕಾರ್ಸನ್ ಸಿಟಿ. ಎಸ್ ಇರುವ 1881 ಸಾಮಾನ್ಯ, ಅದೇ ಅಕ್ಷರದ 1893 ಬಲು ಅಪರೂಪ. ಸಾಮಾನ್ಯ ಇಸವಿಯಾದರೆ 24.06 ಗ್ರಾಮನ್ನು ಆ ದಿನದ ಬೆಳ್ಳಿ ದರದಿಂದ ಗುಣಿಸಿ. ಗ್ರಾಮಿಗೆ ನೂರು ರೂಪಾಯಿ ಎಂದುಕೊಂಡರೆ 2,406 ರೂಪಾಯಿ, ಅದು ತಳಪಾಯದ ಬೆಲೆ. ಅದರ ಮೇಲೆ ಎಷ್ಟು ಎಂಬುದನ್ನು ಹೇಳುವುದು ನಾಣ್ಯದ ಸ್ಥಿತಿ. 1ರಿಂದ 70ರ ಅಳತೆಗೋಲಿನಲ್ಲಿ 60 ದಾಟಿದವು ಚಲಾವಣೆಯ ಸವೆತ ಕಾಣದವು, 65 ದಾಟಿದರೆ ಸಾಮಾನ್ಯ ಇಸವಿಗೂ ಒಳ್ಳೆಯ ಬೆಲೆ.

ಇನ್ನೊಂದು ಮಾತು. ಊರಿನ ಮನೆಯ ದೇವರ ಪೆಟ್ಟಿಗೆಯಲ್ಲಿ ಲಕ್ಷ್ಮೀಪೂಜೆಗೆಂದು ಇಟ್ಟ ಬೆಳ್ಳಿ ರೂಪಾಯಿ ಇದ್ದರೆ ಮುಂದಿನ ರಜೆಯಲ್ಲಿ ಇಸವಿ ನೋಡಿ. 1918 ಅಥವಾ 1919 ಎಂದಿದ್ದರೆ ಅದರ ಬೆಳ್ಳಿ ನೆವಾಡದ ಗಣಿಯಲ್ಲಿ ಹುಟ್ಟಿ, ಡಾಲರಾಗಿ ಕತ್ತಲಲ್ಲಿ ಮಲಗಿ, ಸಮುದ್ರ ದಾಟಿ ಬಂದದ್ದಿರಬಹುದು. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ. ಉಜ್ಜಿದ ನಾಣ್ಯ, ಡಾಲರಾಗಲಿ ರೂಪಾಯಿಯಾಗಲಿ, ಸಂಗ್ರಾಹಕರಿಗೆ ಬೇಡ.