ಭಾರತದ ‘ಹಿಮಾದ್ರಿ’ ಉತ್ತರ ಧ್ರುವದ ಮೇಲೇ ಇದೆಯೇ?

‘ಭಾರತ ಉತ್ತರ ಧ್ರುವದ ಮೇಲೆ ಕಟ್ಟಡ ಕಟ್ಟಿದೆ, ಬೆಂಗಳೂರಿನವರೊಬ್ಬರು ಕಡುಚಳಿಗಾಲದಲ್ಲೇ ಅಲ್ಲಿಗೆ ಹೋಗಿದ್ದರು’ ಎಂಬ ವಾಟ್ಸಾಪ್ ಸಂದೇಶ ಮೇಲವಂಕಿಯ ಓದುಗರೊಬ್ಬರಿಂದ ನಮಗೆ ಬಂತು. ‘ಇದು ಖರೇನಾ?’ ಎಂದು ಕೇಳಿದ್ದರು. ಅರ್ಧ ಮಾತ್ರ ಖರೆ.

ಆ ಕಟ್ಟಡದ ಹೆಸರು ಹಿಮಾದ್ರಿ. 2008ರಲ್ಲಿ ಶುರುವಾದ ಈ ಸಂಶೋಧನಾ ಕೇಂದ್ರ ಇರುವುದು ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ. ಅಲ್ಲಿಂದ ಧ್ರುವ ಇನ್ನೂ ಸುಮಾರು 1,200 ಕಿ.ಮೀ. ದೂರ.

ಧ್ರುವದ ಮೇಲೇ ಯಾಕೆ ಕಟ್ಟಲಿಲ್ಲ? ಅಲ್ಲಿ ನೆಲವೇ ಇಲ್ಲ. ಇರುವುದು ಸಮುದ್ರ, ಅದರ ಮೇಲೆ ತೇಲುತ್ತಾ ಸರಿಯುವ ಮಂಜುಗಡ್ಡೆ.

ಇದನ್ನು ಜೀವ ಪಣಕ್ಕಿಟ್ಟು ತೋರಿಸಿದವರು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್. 1881ರಲ್ಲಿ ಸೈಬೀರಿಯಾದ ಉತ್ತರಕ್ಕೆ ‘ಜೆನೆಟ್’ ಎಂಬ ಹಡಗು ಮಂಜಿಗೆ ಸಿಕ್ಕಿ ಮುಳುಗಿತ್ತು. ಮೂರು ವರ್ಷದ ಬಳಿಕ ಅದರ ಸಾಮಾನುಗಳು ಸಿಕ್ಕಿದ್ದು ದೂರದ ಗ್ರೀನ್‌ಲ್ಯಾಂಡ್ ತೀರದಲ್ಲಿ! ಮಂಜೇ ಹೊತ್ತು ತಂದಿರಬೇಕು ಎಂದು ನಾನ್ಸೆನ್ ಲೆಕ್ಕ ಹಾಕಿದರು. ‘ಫ್ರಾಮ್’ ಎಂಬ ಗುಂಡುತಳದ ಹಡಗು ಕಟ್ಟಿಸಿದರು. ಒದ್ದೆ ಸಾಬೂನನ್ನು ಅಮುಕಿದರೆ ಜಾರಿ ಮೇಲೆ ಬರುತ್ತದಲ್ಲ, ಮಂಜು ಒತ್ತಿದರೆ ಈ ಹಡಗೂ ಹಾಗೆ ಮೇಲೇಳಬೇಕು. 1893ರಲ್ಲಿ ಬೇಕೆಂದೇ ಅದನ್ನು ಮಂಜಿಗೆ ಸಿಕ್ಕಿಸಿದರು. ಪರಿಣತರಲ್ಲಿ ಹಲವರು ಇದನ್ನು ಹುಚ್ಚು ಸಾಹಸವೆಂದೇ ಕರೆದಿದ್ದರು.

ಸಮುದ್ರದ ಆಳ ಅಳೆಯಲು ಒಯ್ದಿದ್ದ ದಾರ ಸಾಲಲಿಲ್ಲ. ಉಕ್ಕಿನ ಹಗ್ಗ ಬಿಚ್ಚಿ ಹೊಸದು ಹೊಸೆದರು. ಆಳ 3,000 ಮೀಟರ್ ದಾಟಿತು.

1895ರ ಮಾರ್ಚ್‌ನಲ್ಲಿ ನಾನ್ಸೆನ್ ಮತ್ತು ಯೊಹಾನ್ಸೆನ್ ಹಡಗು ಬಿಟ್ಟು, ನಾಯಿಗಳು ಎಳೆಯುವ ಜಾರುಬಂಡಿಗಳೊಂದಿಗೆ ಧ್ರುವದತ್ತ ಹೊರಟರು. ಇವರು ಉತ್ತರಕ್ಕೆ ನಡೆದರೆ ಕಾಲಡಿಯ ಮಂಜು ದಕ್ಷಿಣಕ್ಕೆ ಸರಿಯುತ್ತಿತ್ತು. ಧ್ರುವ ಇನ್ನೂ ಸುಮಾರು 420 ಕಿ.ಮೀ. ಇರುವಾಗಲೇ ತಿರುಗಿದರು. ಹಾಗಾಗಿ ‘ನಾನ್ಸೆನ್ ಧ್ರುವ ಮುಟ್ಟಿದರು’ ಎಂಬುದೂ ತಪ್ಪು. ಆದರೆ ಅಲ್ಲಿಯವರೆಗೆ ಅಷ್ಟು ಉತ್ತರಕ್ಕೆ ಯಾರೂ ಹೋಗಿರಲಿಲ್ಲ. ಒಂದು ಚಳಿಗಾಲವನ್ನು ಕಲ್ಲಿನ ಗುಡಿಸಲಿನಲ್ಲಿ, ಕರಡಿ ಮಾಂಸ ತಿಂದು ಕಳೆದು ಇಬ್ಬರೂ ಬದುಕಿ ಬಂದರು. ಫ್ರಾಮ್ 1896ರ ಆಗಸ್ಟ್‌ನಲ್ಲಿ ಮಂಜಿನಿಂದ ಬಿಡಿಸಿಕೊಂಡು ಹೊರಬಂದಿದ್ದು ಇದೇ ಸ್ವಾಲ್ಬಾರ್ಡ್ ಹತ್ತಿರ.

ಇನ್ನು ಬೆಂಗಳೂರಿನ ಮಾತು. ಅದು ನಿಜ. 2023ರ ಡಿಸೆಂಬರ್‌ನಲ್ಲಿ ಹಿಮಾದ್ರಿಗೆ ಹೊರಟ ಭಾರತದ ಮೊದಲ ಚಳಿಗಾಲದ ತಂಡದಲ್ಲಿ ನಾಲ್ವರಿದ್ದರು. ಅವರಲ್ಲೊಬ್ಬರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿ.ಎಸ್. ಗಿರೀಶ್. ಆಗ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಆಕಾಶದ ಅತಿ ಕ್ಷೀಣ ರೇಡಿಯೋ ಸಂಕೇತ ಹಿಡಿಯಲು ಆ ಜಾಗ ಸಾಕಷ್ಟು ಸದ್ದಿಲ್ಲದ್ದೇ ಎಂದು ನೋಡುವುದು ಅವರ ಕೆಲಸವಾಗಿತ್ತು.

ಸಂದೇಶದ ಜೊತೆಗಿದ್ದ ಫೋಟೋದಲ್ಲಿ ಬಾಗಿಲ ಬಳಿ ಎರಡು ಸಿಂಹಗಳಿವೆ. ಅದು ಹಿಮಾದ್ರಿಯಲ್ಲ, ಚೀನಾದ ‘ಯೆಲ್ಲೊ ರಿವರ್’ ಕೇಂದ್ರ. ‘ಧ್ರುವದ ಮೇಲೆ’ ಎಂಬುದನ್ನೂ ಆ ಫೋಟೋವನ್ನೂ ಅಳಿಸಿ ಫಾರ್ವರ್ಡ್ ಮಾಡಬಹುದು.