ಕ್ಯೂಬ್ ಬಿಡಿಸುವ ರೋಬೋ: 'ತಾನೇ ಮಾಡ್ತು' ಅಂದ್ರೆ ಏನು?

ರೂಬಿಕ್ಸ್ ಕ್ಯೂಬನ್ನು ತಾನಾಗೇ ಬಿಡಿಸುವ ರೋಬೋ ನೋಡಿದರೆ ಯಂತ್ರವೇ ಯೋಚಿಸ್ತಿದೆ ಅನ್ನಿಸುತ್ತೆ. ಅದನ್ನು ಮನೆಯಲ್ಲಿ ಕಟ್ಟೋಕೆ ಹೊರಟರೆ ಕೆಲಸ ಮೂರು ಭಾಗವಾಗಿ ಒಡೆಯುತ್ತೆ.

ನೋಡೋದು: ಕ್ಯಾಮೆರಾ ಆರು ಮುಖಗಳ 54 ಚೌಕಗಳ ಬಣ್ಣ ಓದಬೇಕು. ಹಳದಿ ಬಲ್ಬಿನ ಬೆಳಕಲ್ಲಿ ಕೆಂಪು, ಕಿತ್ತಳೆ ಒಂದೇ ಥರ ಕಾಣುತ್ತವೆ. ಒಂದು ಚೌಕ ತಪ್ಪಾದರೂ ಮುಂದಿನ ಲೆಕ್ಕ ಕೆಡುತ್ತೆ.

ಲೆಕ್ಕ ಹಾಕೋದು: ಕ್ಯೂಬಿನ ಸಾಧ್ಯ ಸ್ಥಿತಿಗಳು 43ರ ಮುಂದೆ 18 ಸೊನ್ನೆ ಇಟ್ಟದ್ದಕ್ಕಿಂತ ಹೆಚ್ಚು. ಆದರೂ ಯಾವುದನ್ನಾದರೂ 20 ತಿರುವುಗಳೊಳಗೆ ಬಿಡಿಸಬಹುದು ಅಂತ 2010ರಲ್ಲಿ ಸಾಬೀತಾಯ್ತು. ಜರ್ಮನಿಯ ಹರ್ಬರ್ಟ್ ಕೊಸಿಯೆಂಬಾ 1992ರಲ್ಲಿ ರೂಪಿಸಿದ ಅಲ್ಗಾರಿದಂ ಅದರ ಆಸುಪಾಸಿನ ಉತ್ತರವನ್ನು ಬೇಗನೆ ಕೊಡುತ್ತೆ. ಕೋಡ್ ಉಚಿತವಾಗಿ ಸಿಗುತ್ತೆ.

ತಿರುಗಿಸೋದು: ಸಾಮಾನ್ಯ ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತೆ, ಕಾಲು ಸುತ್ತಿಗೆ 50. ಕೆಲವು ಹೆಜ್ಜೆ ತಪ್ಪಿದರೆ ಪಕ್ಕದ ಮುಖ ಸಿಕ್ಕಿಹಾಕಿಕೊಳ್ಳುತ್ತೆ. ಹವ್ಯಾಸಿಗಳ ಬೆವರು ಹರಿಯೋದು ಇಲ್ಲೇ.

2019ರಲ್ಲಿ ಓಪನ್‌ಎಐನ ರೋಬೋ ಕೈ ಕ್ಯೂಬ್ ಬಿಡಿಸಿದಾಗ, ಎಐ ತಾನೇ ಒಗಟು ಬಿಡಿಸಲು ಕಲಿತಿದೆ ಅಂತ ಅನೇಕರು ತಿಳಿದರು. ಅದರ ನ್ಯೂರಲ್ ನೆಟ್‌ವರ್ಕ್ ಕಲಿತದ್ದು ಬೆರಳಾಡಿಸೋದನ್ನ. ಯಾವ ಮುಖ ತಿರುಗಿಸಬೇಕು ಅಂತ ಹೇಳಿದ್ದು ಕೊಸಿಯೆಂಬಾ ಅವರ ಅಲ್ಗಾರಿದಂ. ಅತಿ ಕಷ್ಟದ ಜೋಡಣೆಗಳಲ್ಲಿ ಯಶಸ್ಸು ಶೇ 20 ಮಾತ್ರ. ಇದೆಲ್ಲ ಸಂಸ್ಥೆಯ ಪ್ರಬಂಧದಲ್ಲೇ ಇತ್ತು.

ನಾಳೆ ಸರ್ಕಾರವೋ ಕಂಪನಿಯೋ 'ಎಐ ತಾನೇ ತೀರ್ಮಾನಿಸುತ್ತೆ' ಅಂದರೆ ಇದೇ ಮೂರು ಪ್ರಶ್ನೆ ಕೇಳಿ: ಮಾಹಿತಿ ಓದಿದ್ದು ಯಾರು, ನಿಯಮ ಬರೆದದ್ದು ಯಾರು, ಯಂತ್ರ ಮಾಡಿದ್ದೆಷ್ಟು?