ತೆಳುವಾಗಿ ಹರಡಬೇಕಿದ್ದ ನೀರು: ತುಂಗಭದ್ರಾ ಬಲದಂಡೆಯಲ್ಲಿ ಉದ್ದೇಶ ಮತ್ತು ವೆಚ್ಚ

ತುಂಗಭದ್ರಾ ಬಲದಂಡೆಯ ದೊಡ್ಡ ಕಾಲುವೆಗಳನ್ನು ಯೋಜಿಸಿದ್ದು ಬರ ತಡೆಯುವುದಕ್ಕೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯ ಎರೆ ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರನ್ನು ಆದಷ್ಟು ಅಗಲಕ್ಕೆ ಹಂಚಿ, ಮಳೆ ಕೈಕೊಟ್ಟ ವರ್ಷವೂ ಜೋಳ, ಹತ್ತಿ, ಶೇಂಗಾ ಕೈಗೆ ಬರುವಂತೆ ಮಾಡುವುದು ಮೂಲ ಲೆಕ್ಕ. ಇಂದು ಈ ಸೀಮೆ ಹೆಸರಾಗಿರುವುದು ಭತ್ತಕ್ಕೆ. ಉದ್ದೇಶ ಒಂದು ಕಡೆ, ಹಣ ಹಾಗೂ ನೀರು ಇನ್ನೊಂದು ಕಡೆ ಸಾಗಿದ ಈ ಚರಿತ್ರೆಗೆ ಒಂದೂವರೆ ಶತಮಾನದ ಹಿನ್ನೆಲೆಯಿದೆ.

ವಿಜಯನಗರ ಕಾಲದ ಕಾಲುವೆಗಳಲ್ಲಿ ಇಂಥ ಒಡಕು ಇರಲಿಲ್ಲ. ರಾಯ, ಬಸವಣ್ಣ, ತುರ್ತಾ, ಕಂಪ್ಲಿ, ಸಿರುಗುಪ್ಪ, ದೇಶನೂರು ಕಾಲುವೆಗಳು ನದಿಗೆ ಅಡ್ಡಲಾಗಿ ಹಾಕಿದ ತಗ್ಗು ಒಡ್ಡುಗಳಿಂದ ಹೊರಟು ದಂಡೆಯ ಪಕ್ಕದ ಕಿರಿದಾದ ಪಟ್ಟಿಗಷ್ಟೇ ನೀರುಣಿಸುತ್ತಿದ್ದವು. ಭತ್ತ, ಕಬ್ಬು, ಬಾಳೆ ಅವುಗಳ ಬೆಳೆ, ತೋಡಿದ್ದೂ ಅದಕ್ಕೇ. ದಂಡೆಯಿಂದ ದೂರದ ಎರೆ ಭೂಮಿ ಮಳೆಯನ್ನೇ ನಂಬಿ ಉಳಿಯಿತು.

ಆ ನಂಬಿಕೆ 1876–78ರಲ್ಲಿ ಕುಸಿಯಿತು. ಧಾತು ಸಂವತ್ಸರದಲ್ಲಿ ಆರಂಭವಾದ ಬರ ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ಹಿಂಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಈ ನದಿಯ ನೀರನ್ನು ಬಳಸುವ ಯೋಚನೆಯನ್ನು ಸರ್ ಆರ್ಥರ್ ಕಾಟನ್ 1860ರ ಸುಮಾರಿಗೇ ಮುಂದಿಟ್ಟಿದ್ದರು. ಆದರೆ ಸಿರುಗುಪ್ಪದಿಂದ ಕೆಳಗೆ ಸುಂಕೇಸುಲದಲ್ಲಿ ಒಡ್ಡು ಹಾಕಿ ಕರ್ನೂಲು–ಕಡಪ ಕಾಲುವೆ ತೋಡಿದ ಖಾಸಗಿ ಕಂಪನಿ ನಷ್ಟಕ್ಕೆ ಬಿದ್ದು, 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಳ್ಳಬೇಕಾಯಿತು. ಎರೆ ಭೂಮಿಯ ರೈತರು ನಿರೀಕ್ಷಿಸಿದಷ್ಟು ನೀರು ಕೊಳ್ಳಲಿಲ್ಲ ಎಂಬ ಪಾಠ ಅಧಿಕಾರಿಗಳ ಮನಸ್ಸಿನಲ್ಲಿ ನಿಂತಿತು.

1880ರ ಕ್ಷಾಮ ಆಯೋಗದ ನಂತರ ನೀರಾವರಿ ಕಾಮಗಾರಿಗಳನ್ನು ಎರಡು ಬಗೆಯಾಗಿ ತೂಗಲಾಯಿತು. ಸಾಲದ ಬಡ್ಡಿಯನ್ನು ತಾನೇ ದುಡಿಯುವ ಕಾಮಗಾರಿ ‘ಉತ್ಪಾದಕ’. ಲಾಭ ತರದಿದ್ದರೂ ಬರ ಪರಿಹಾರದ ಮುಂದಿನ ಖರ್ಚನ್ನು ಉಳಿಸುವುದು ‘ರಕ್ಷಣಾತ್ಮಕ’. ವಿಂಗಡಣೆ ಸರಿಯಾಗಿಯೇ ಇತ್ತು. ಆದರೆ ಎರಡನೆಯ ಬಗೆಗೆ ಮೀಸಲಿಟ್ಟ ಹಣ ಸಣ್ಣದು. ತುಂಗಭದ್ರೆಯಂಥ ಭಾರಿ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ. ಬರ ಹೆಚ್ಚಿದ್ದ ನಾಡಿಗೆ ಆದಾಯದ ಅಳತೆಗೋಲು ಹಿಡಿದಿದ್ದರಿಂದ ಯೋಜನೆ ದಶಕಗಳ ಕಾಲ ಕಡತದಲ್ಲೇ ಉಳಿಯಿತು. ಮದ್ರಾಸ್ ಮತ್ತು ಹೈದರಾಬಾದ್ ನಡುವಿನ ನೀರಿನ ತಕರಾರೂ ಅದಕ್ಕೆ ಸೇರಿಕೊಂಡಿತು.

1930ರ ದಶಕದಲ್ಲಿ ಮದ್ರಾಸ್ ಸರ್ಕಾರ ಒಂದು ವಿವೇಕದ ಕೆಲಸ ಮಾಡಿತು. ಎರೆ ಮಣ್ಣು ಕಾಲುವೆ ನೀರನ್ನು ಹೇಗೆ ತಾಳುತ್ತದೆ, ಯಾವ ಬೆಳೆಗೆ ಎಷ್ಟು ನೀರು ಬೇಕು ಎಂದು ತಿಳಿಯಲು ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಅಣೆಕಟ್ಟೆಗೆ ದುಡ್ಡು ಸುರಿಯುವ ಮೊದಲೇ ಹೊಲದಲ್ಲಿ ಪ್ರಯೋಗ ಮಾಡಿ ನೋಡಿದ ಈ ಕ್ರಮ ಇಡೀ ಯೋಜನೆಯಲ್ಲೇ ಮೆಚ್ಚತಕ್ಕ ಭಾಗ.

1944ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ತಲಾ 65 ಟಿಎಂಸಿ ಅಡಿ ನೀರಿಗೆ ಒಪ್ಪಿದವು; 1945ರ ಫೆಬ್ರುವರಿ 28ರಂದು ಅಣೆಕಟ್ಟೆಗೆ ಶಂಕುಸ್ಥಾಪನೆಯಾಯಿತು. ಕಾಲುವೆಗಳಿಗೆ ಮೊದಲು ನೀರು ಬಿಟ್ಟ 1953ರಲ್ಲೇ, ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವು ಮೈಸೂರಿಗೆ ಬಂದವು. ಒಂದೇ ಆಡಳಿತದಡಿ ಎಣಿಸಿದ್ದ ಕಾಲುವೆಗಳು ಎರಡು ರಾಜ್ಯಗಳನ್ನು ಹಾಯುವಂತಾದ್ದರಿಂದ, ಹಂಚಿಕೆ ಮತ್ತು ನಿರ್ವಹಣೆಗೆ ತುಂಗಭದ್ರಾ ಮಂಡಳಿ ಹುಟ್ಟಿತು. ಜನ ಎಲ್‌ಎಲ್‌ಸಿ ಎನ್ನುವ ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪ ಸೀಮೆಗಳಿಗೆ ನೀರುಣಿಸಿ ಕರ್ನೂಲಿನತ್ತ ಸಾಗುತ್ತದೆ. ಎಚ್‌ಎಲ್‌ಸಿ, ಅಂದರೆ ಮೇಲ್ಮಟ್ಟದ ಕಾಲುವೆ, ಬಳ್ಳಾರಿ ಸೀಮೆಯನ್ನು ಹಾದು ಅನಂತಪುರಕ್ಕೆ ಹೋಗುತ್ತದೆ. ಅದರ 50 ಟಿಎಂಸಿಯಲ್ಲಿ ಕರ್ನಾಟಕದ ಪಾಲು 17.5.

ಉದ್ದೇಶವನ್ನು ಹೊಲದವರೆಗೆ ಒಯ್ಯಬೇಕಾಗಿದ್ದ ಸಾಧನ ‘ಲೋಕಲೈಜೇಶನ್’. ಸರ್ಕಾರ ಸರ್ವೆ ನಂಬರುವಾರು ಯಾವ ಜಮೀನಿಗೆ ಭತ್ತ, ಯಾವುದಕ್ಕೆ ಕಬ್ಬು, ಯಾವುದಕ್ಕೆ ಅರೆ ನೀರಾವರಿಯ ಬೆಳೆ ಎಂದು ಗೊತ್ತುಮಾಡಿತು. ಬಹುಪಾಲು ಜಮೀನು ಅರೆ ನೀರಾವರಿಗೇ ಬಂತು. ಕಾಲುವೆಯ ಅಗಲ, ತೂಬಿನ ಅಳತೆ ಎಲ್ಲವೂ ಈ ಪಟ್ಟಿಯ ಮೇಲೆ ನಿಂತಿದ್ದವು. ಪಟ್ಟಿ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ರೈತನ ಖರ್ಚನ್ನು. ಹೊಲ ಮಟ್ಟಮಾಡಿ, ಬದು ಕಟ್ಟಿ, ಒಳಗಾಲುವೆ ತೆಗೆಯಲು ಬಂಡವಾಳ ಬೇಕು. ಖುಷ್ಕಿ ಬೇಸಾಯದ ಸ್ಥಳೀಯರಲ್ಲಿ ಅದಿರಲಿಲ್ಲ. ಕೃಷ್ಣಾ, ಗೋದಾವರಿ, ಗುಂಟೂರು ಕಡೆಯಿಂದ ಬಂದ ರೈತರು ಅಗ್ಗದ ದರದಲ್ಲಿ ಜಮೀನು ಕೊಂಡು ‘ಕ್ಯಾಂಪ್’ಗಳಲ್ಲಿ ನೆಲೆಸಿದರು. ಹಣವಿತ್ತು, ಗದ್ದೆಯ ಅನುಭವವಿತ್ತು. ಅಷ್ಟು ಹಣ ಹಾಕಿದವರಿಗೆ ಜೋಳದಿಂದ ಅದು ಮರಳುವುದಿಲ್ಲ, ಭತ್ತದಿಂದ ಮರಳುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಸ್ಥಳೀಯರೂ ಕಲಿತರು, ಅಕ್ಕಿ ಗಿರಣಿಗಳು ಎದ್ದವು.

ಭತ್ತ ಅರೆ ನೀರಾವರಿಯ ಬೆಳೆಗಿಂತ ಹಲವು ಪಟ್ಟು ನೀರು ಕುಡಿಯುತ್ತದೆ. ಹೀಗಾಗಿ ಪಟ್ಟಿಯಲ್ಲಿ ಹೆಸರಿದ್ದೂ ಕೊನೆ ಭಾಗದ ಹೊಲಗಳು ಒಣಗಿದವು. ಮೇಲ್ಭಾಗದಲ್ಲಿ ನೀರು ನಿಂತು ಜವಳು, ಸವಳು ಹುಟ್ಟಿತು. ಕೊನೆ ಭಾಗದ ರೈತರಿಗೆ ಆದದ್ದು ಅನ್ಯಾಯವೇ: ಅವರ ಹೆಸರಿನಲ್ಲೇ ಯೋಜನೆಗೆ ಸಮರ್ಥನೆ ದೊರಕಿತ್ತು. ಪಟ್ಟಿ ಮೀರಿದ ಬೆಳೆಗೆ ದಂಡ ಹಾಕುವ ಕ್ರಮ ಭತ್ತವನ್ನು ತಡೆಯಲಿಲ್ಲ.

1970ರ ದಶಕದ ನಂತರ ಸರ್ಕಾರದ ಹಣ ಹೊಲಗಾಲುವೆ, ಬಸಿಗಾಲುವೆಗಳತ್ತ ತಿರುಗಿತು. ಮುನಿರಾಬಾದಿನಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ ಬಂತು. ಈಚೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ವಿಜಯನಗರ ಕಾಲುವೆಗಳ ಆಧುನೀಕರಣ ನಡೆದಿದೆ. ಸೋರಿಕೆ ತಗ್ಗಿಸಲು ಇವೆಲ್ಲ ಬೇಕೇ ಬೇಕು, ಆದರೆ ಯಾವ ಬೆಳೆಗೆ ಎಷ್ಟು ನೀರು ಎಂಬ ಪ್ರಶ್ನೆಯನ್ನು ಕಾಂಕ್ರೀಟು ಬಗೆಹರಿಸುವುದಿಲ್ಲ.

ಈ ನಡುವೆ ಜಲಾಶಯವೇ ಕುಗ್ಗಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳಿನಿಂದ ಈಗ 105.79ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಅಳವಡಿಸಿದರೂ 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಮುಂದಿನ ವೆಚ್ಚದ ಸಾಲಿನಲ್ಲಿ ಹೊಸ ಗೇಟುಗಳು ಮೊದಲಿಗೆ ಬಂದವು; ಸಿರುಗುಪ್ಪದ ಕೊನೆ ಭಾಗದ ಹೊಲಗಳಿಗೆ ಸಲ್ಲಬೇಕಾದ ನೀರಿನ ಲೆಕ್ಕ ಇನ್ನೂ ಬಾಕಿ ಇದೆ.